ಯಾವ ಕಂಪನಿ ದೊಡ್ಡದು?

ದಾವಣಗೆರೆ ಹರಿಹರಗಳ ಪ್ರಾಂತದಲ್ಲಿ, ಯಾವ ನ್ಯಾಯಸ್ಥಾನದಲ್ಲಿಯೂ ದಾಖಲಾಗದೆ ತಲೆಮಾರುಗಳಿಂದ ನಡೆದುಬಂದಿರುವ ವ್ಯಾಜ್ಯವೊಂದುಂಟು. ಕನ್ನಡ ನಾಟಕ ಕಂಪನಿಗಳಲ್ಲಿ ಯಾವುದು ದೊಡ್ಡದು ಎಂಬುದೇ ಆ ವ್ಯಾಜ್ಯ. ಗುಬ್ಬಿ ಕಂಪನಿಗೆ ಸಮನಾದುದಿಲ್ಲವೆಂದು ಒಬ್ಬರು. ಗದಗಿನ ಗರುಡರ ಮಂಡಳಿಯ ವಿಷಯ ಬಲ್ಲವರು ಹಾಗೆನ್ನಲಾರರೆಂದು ಮತ್ತೊಬ್ಬರು. ಏಣಗಿ ಬಾಳಪ್ಪನವರ ಬಸವಣ್ಣನನ್ನು ನೋಡಿದ ಮೇಲೆ ಉಳಿದುದೆಲ್ಲ ಬಣ್ಣಬೆಳಕಿನ ಆಟವೆಂದು ಮೂರನೆಯವರು. ನಮ್ಮೂರಿನ ಚಿಂದೋಡಿಯವರ ಕಂಪನಿ ಇರಲು ಪರಊರಿನ ಪುರಾಣವೇಕೆಂದು ನಾಲ್ಕನೆಯವರು. ಮಂಡಕ್ಕಿ ಮಿರ್ಚಿಯ ಅಂಗಡಿಯ ಮುಂದೆ ಆರಂಭವಾದ ವಾದವು, ಅಂಗಡಿಯವನು ಬಾಗಿಲು ಹಾಕಿಕೊಂಡರೂ ತೀರ್ಪನ್ನು ಕಾಣದೆ ಮರುದಿನಕ್ಕೆ ಮುಂದೂಡಲ್ಪಡುತ್ತದೆ. ವಾದಿಗಳಲ್ಲಿ ಅನೇಕರು ತಾವು ಹೊಗಳುವ ಕಂಪನಿಯನ್ನು ಅದರ ಉಚ್ಛ್ರಾಯಕಾಲದಲ್ಲಿ ಕಂಡವರಲ್ಲ. ತಂದೆ ತಾತಂದಿರ ಬಾಯಿಂದ ಕೇಳಿದವರು. ಆದರೂ ಪಿತ್ರಾರ್ಜಿತವಾದ ಹೊಲದ ಬದುವಿಗಾಗಿ ಹೋರಾಡುವಂತೆ ಹೋರಾಡುತ್ತಾರೆ.

ಇದು ಕೆಲಸವಿಲ್ಲದವರ ಹರಟೆಯೆಂದು ಮೂಗು ಮುರಿಯುವವರುಂಟು. ನಾವು ಆ ಪಂಗಡಕ್ಕೆ ಸೇರಿದವರಲ್ಲ. ಯಾವ ವಿಷಯದಲ್ಲಿ ಜನರು ಹೆಚ್ಚು ಕಡಿಮೆಗಳನ್ನು ಕುರಿತು ಜಗಳವಾಡುತ್ತಾರೆಯೋ ಆ ವಿಷಯದಲ್ಲಿ ಅವರಿಗೆ ಇನ್ನೂ ಪ್ರಾಣವಿದೆಯೆಂದೇ ತಿಳಿಯಬೇಕು. ಇಂಗ್ಲೆಂಡಿನಲ್ಲಿಯೂ ಇಂತಹುದೇ ವಾದವಿದೆ. ಅಲ್ಲಿಯ ರಾಕ್ ಸಂಗೀತದ ಮೇಳಗಳಲ್ಲಿ ಶ್ರೇಷ್ಠವಾವುದೆಂಬ ಚರ್ಚೆ ಅಲ್ಲಿನ ಮನೆಮನೆಯಲ್ಲಿ ನಡೆದು, ಈಗ ನಮ್ಮ ಕಾಲೇಜಿನ ತರುಣರ ಬಾಯಿಗೂ ಬಂದಿದೆ. ೧೯೬೦ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ ಬೀಟಲ್ಸ್ ಮೇಳವು ೧೯೭೦ರಲ್ಲಿ ಒಡೆದುಹೋಯಿತು. ೧೯೬೨ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ರೋಲಿಂಗ್ ಸ್ಟೋನ್ಸ್ ಮೇಳವಾದರೋ ೬೦ ವರ್ಷಗಳನ್ನು ದಾಟಿತು. ಹತ್ತು ವರ್ಷ ಉರಿದ ದೀವಟಿಗೆ ದೊಡ್ಡದೋ, ಅರವತ್ತು ವರ್ಷ ಆರದ ನಂದಾದೀಪ ದೊಡ್ಡದೋ ಎಂಬುದು ಅವರ ಮುಖ್ಯ ಪ್ರಶ್ನೆ. ಇದನ್ನು ಚರ್ಚಿಸುವ ನಮ್ಮ ತರುಣರನ್ನು ನಾವು ಆಕ್ಷೇಪಿಸುವುದಿಲ್ಲ. ಬೀಟಲ್ಸರಲ್ಲೊಬ್ಬರಾದ ಜಾರ್ಜ್ ಹ್ಯಾರಿಸನ್ನರು ಪಂಡಿತ ರವಿಶಂಕರರ ಮುಂದೆ ಕುಳಿತು ಸಿತಾರವನ್ನು ಕಲಿತರು. ಪರರ ವಿದ್ಯೆಯನ್ನು ಮೆಚ್ಚುವುದು ಎರಡು ಕಡೆಗೂ ಶೋಭೆಯೇ. ಆದರೆ ಲಿವರ್‌ಪೂಲಿನ ಆ ನಾಲ್ವರ ಹೆಸರನ್ನು ತಡವರಿಸದೆ ಒಪ್ಪಿಸುವ ದಾವಣಗೆರೆಯ ಯುವಕನು, ಚಿಂದೋಡಿ ವೀರಪ್ಪನವರು ಯಾರೆಂದು ಕೇಳಿದರೆ ಕಣ್ಣು ಕಣ್ಣು ಬಿಡುವನಾದರೆ, ದೋಷವು ಅವನದಲ್ಲ. ಮನೆಯ ವ್ಯಾಜ್ಯವನ್ನು ಮಕ್ಕಳಿಗೆ ತಿಳಿಸದೆ ಹೋದ ಹಿರಿಯರದು. ಆದಕಾರಣ ವಾದಿಗಳ ಪಕ್ಷಗಳನ್ನು ಇಲ್ಲಿ ಒಂದೊಂದಾಗಿ ಮಂಡಿಸಿ, ನಮಗೆ ತೋರಿದ ತೀರ್ಪನ್ನೂ ಹೇಳಲಿಚ್ಛಿಸುತ್ತೇವೆ.

ಈ ತೀರ್ಪನ್ನು ಹೇಳುವ ಅಧಿಕಾರ ಬೆಂಗಳೂರಿಗಾಗಲಿ ಧಾರವಾಡಕ್ಕಾಗಲಿ ಇರುವುದಕ್ಕಿಂತ ತುಂಗಭದ್ರೆಯ ಈ ತೀರಕ್ಕೇ ಹೆಚ್ಚಾಗಿದೆಯೆಂದು ನಾವು ನಂಬಿದ್ದೇವೆ. ಕಾರಣವನ್ನು ಹೇಳುತ್ತೇವೆ. ಕರ್ಣಾಟಕವು ಒಂದಾಗುವ ಮೊದಲು ಹರಿಹರವು ಮೈಸೂರು ಸಂಸ್ಥಾನದ ಕೊನೆಯ ಊರು. ಹೊಳೆ ದಾಟಿದರೆ ರಾಣೆಬೆನ್ನೂರು. ಅದು ಮುಂಬಯಿ ಇಲಾಖೆ. ಇನ್ನೊಂದು ದಿಕ್ಕಿಗೆ ಹೊರಟರೆ ಹರಪನಹಳ್ಳಿ. ಅದು ಮದರಾಸು ಇಲಾಖೆ. ಹೀಗೆ ಗಾಡಿ ಕಟ್ಟಿಕೊಂಡು ಹೊರಟ ಕನ್ನಡಿಗನು ಅಲ್ಪ ಪ್ರಯಾಣದಲ್ಲಿಯೇ ಮೂರು ಸರ್ಕಾರಗಳನ್ನು ಕಾಣುತ್ತಿದ್ದನು. ೧೮೬೮ರಲ್ಲಿ ಹೊಳೆಗೆ ಕಟ್ಟಿದ ಸೇತುವೆಯೂ, ೧೯ನೆಯ ಶತಮಾನದ ಕೊನೆಗೆ ಬೆಂಗಳೂರನ್ನೂ ಹುಬ್ಬಳ್ಳಿಯನ್ನೂ ಹರಿಹರದ ಮೂಲಕ ಜೋಡಿಸಿದ ರೈಲು ದಾರಿಯೂ ಈ ಗಡಿಯನ್ನು ದಾಟುವ ಹಾದಿಗಳಾದವು. ಪರದೆ, ಪೆಟ್ಟಿಗೆ, ಲೆಗ್ ಹಾರ್ಮೋನಿಯಂಗಳನ್ನು ಹೇರಿಕೊಂಡು ತಿರುಗುತ್ತಿದ್ದ ಕಂಪನಿಗಳಿಗೆ ಹತ್ತಿಯ ವ್ಯಾಪಾರದಿಂದಲೂ ಗಿರಣಿಗಳಿಂದಲೂ ಬೆಳೆದ ದಾವಣಗೆರೆಯು ಒಳ್ಳೆಯ ಕ್ಯಾಂಪಾಯಿತು. ದಕ್ಷಿಣದ ಕರ್ಣಾಟಕ ಸಂಗೀತದ ಕಂಪನಿಗೂ ಉತ್ತರದ ಹಿಂದೂಸ್ತಾನಿ ಧಾಟಿಯ ಕಂಪನಿಗೂ ಕಿವಿಗೊಟ್ಟು, ಮೆಚ್ಚಿದಾಗ ಇಬ್ಬರಿಗೂ ‘ಒನ್ಸ್ ಮೋರ್’ ಎಂದು ಕೂಗಿದ ಸೀಮೆಯಿದು. ಹರಿಹರದಲ್ಲಿ ೧೨೨೪ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವನು ಕಟ್ಟಿಸಿದ ದೇವಾಲಯದ ಮೂರ್ತಿಯಲ್ಲಿ ಅರ್ಧ ಹರಿ, ಅರ್ಧ ಹರ. ಎರಡನ್ನೂ ಒಂದೇ ಪೀಠದಲ್ಲಿ ಪೂಜಿಸಬಲ್ಲ ಊರಿನವರೇ ಈ ವ್ಯಾಜ್ಯಕ್ಕೆ ಯೋಗ್ಯ ಪಂಚಾಯತರು.

ಮೊದಲು ದಕ್ಷಿಣದವರ ಪಕ್ಷ. ೧೮೮೪ರಲ್ಲಿ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಸಂಘವು ಸ್ಥಾಪಿತವಾಯಿತು. ಅದರೊಳಗೆ ಬಾಲನಟನಾಗಿ ಸೇರಿದ ವೀರಣ್ಣನವರು ಮುಂದೆ ಅದರ ಮಾಲೀಕರಾಗಿ, ೧೯೭೨ರಲ್ಲಿ ತೀರಿಕೊಳ್ಳುವವರೆಗೂ ‘ಗುಬ್ಬಿ’ ಎಂಬ ಎರಡಕ್ಷರವನ್ನು ಊರಿನ ಹೆಸರಿಗಿಂತ ಹೆಚ್ಚಾಗಿ ಕಂಪನಿಯ ಹೆಸರನ್ನಾಗಿ ಮಾಡಿದರು. ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ವನ್ನು ೧೯೩೪ರಲ್ಲಿ ಬೆಂಗಳೂರಿನಲ್ಲಿ ಆಡಿದಾಗ ಆನೆ ಕುದುರೆಗಳು ಜೀವಂತವಾಗಿ ರಂಗದ ಮೇಲೆ ನಡೆದುವು. ಮಳವಳ್ಳಿ ಸುಂದರಮ್ಮ, ಬಿ. ಜಯಮ್ಮ ಮೊದಲಾದ ನಟಿಯರು ಅಲ್ಲಿ ಬೆಳಗಿದರು. ಗುಬ್ಬಿಯ ಪಕ್ಷದವರು ಈ ಆನೆ ಕುದುರೆಗಳನ್ನೇ ಮುಂದುಮಾಡಿ ವಾದಿಸುತ್ತಾರೆ. ಅವರು ತಮ್ಮ ಪಕ್ಷದ ಬಲವಾದ ಸಾಕ್ಷಿಯನ್ನು ಬಿಟ್ಟು ದುರ್ಬಲವಾದುದನ್ನು ಕರೆದಿದ್ದಾರೆಂದು ನಮ್ಮ ಅಭಿಪ್ರಾಯ. ಹಣವುಳ್ಳವನು ಆನೆಯನ್ನು ತರಬಲ್ಲನು. ಅದರಿಂದ ಬೆರಗು ಹುಟ್ಟೀತು, ಹಿರಿಮೆ ಹುಟ್ಟದು.

ಇನ್ನು ಹೊಳೆಯಾಚೆಯವರ ಪಕ್ಷ. ಅವರ ವಾದವು ಗಂಭೀರವಾದುದು. ಮೈಸೂರಿನಲ್ಲಿ ರಂಗಭೂಮಿಗೆ ಅರಮನೆಯ ಆದರವಿದ್ದಿತು. ಅಲ್ಲಿ ಕನ್ನಡಕ್ಕೆ ಕನ್ನಡದ ದೊರೆಯೇ ಛತ್ರ ಹಿಡಿದಿದ್ದನು. ನಮಗಾರಿದ್ದರು? ನಮ್ಮ ಬೀದಿಯಲ್ಲಿಯೇ ಮರಾಠಿ ಮಂಡಳಿಗಳು ಬಂದು ಜನರನ್ನು ಸೆಳೆಯುತ್ತಿದ್ದ ಕಾಲದಲ್ಲಿ, ಕನ್ನಡದಲ್ಲಿ ನಾಟಕವೆಂಬುದು ಆಗುವ ಮಾತೇ ಎಂದು ನಮ್ಮವರೇ ನಗುತ್ತಿದ್ದ ಕಾಲದಲ್ಲಿ, ಗದಗಿನ ಶಾಂತಕವಿಗಳು ೧೮೭೦ರ ದಶಕದಲ್ಲಿ ‘ಉಷಾಹರಣ’ವನ್ನು ಬರೆದು ಆಡಿಸಿದರಲ್ಲವೆ? ಆ ಕೆಚ್ಚಿನಿಂದಲೇ ಮುಂದೆ ಶಿರಹಟ್ಟಿಯ ವೆಂಕೋಬರಾಯರ ಮಂಡಳಿ, ಗರುಡ ಸದಾಶಿವರಾಯರ ದತ್ತಾತ್ರೇಯ ಮಂಡಳಿ, ವಾಮನರಾವ್ ಮಾಸ್ತರರ ವಿಶ್ವಗುಣಾದರ್ಶ ಮಂಡಳಿಗಳು ತಲೆಯೆತ್ತಿದುವು. ಗರುಡರು ನಟರೂ ಹೌದು, ನಾಟಕಕಾರರೂ ಹೌದು. ಅವರ ‘ಎಚ್ಚಮನಾಯಕ’ವು ವಿಜಯನಗರದ ಸ್ವಾಮಿನಿಷ್ಠೆಯನ್ನು ಪರರ ಆಳ್ವಿಕೆಯ ಕಾಲದ ಕನ್ನಡಿಗನಿಗೆ ನೆನಪಿಗೆ ತಂದಿತು. ಹಿಂದೂಸ್ತಾನಿ ಸಂಗೀತದ ಶಿಖರವೇರಿದ ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲಿ ಹಾಡಿ ನಟಿಸಿದುದು ವಾಮನರಾಯರ ಮಂಡಳಿಯಲ್ಲಿ. ೧೯೪೭ರಲ್ಲಿ ಕಲಾವೈಭವ ನಾಟ್ಯಸಂಘವನ್ನು ಕಟ್ಟಿದ ಏಣಗಿ ಬಾಳಪ್ಪನವರು ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಬಸವಣ್ಣನಾಗಿ ನಿಂತರೆ ಜನರು ನಟನೆಂಬುದನ್ನು ಮರೆತು ಕೈ ಮುಗಿಯುತ್ತಿದ್ದರೆಂದು ಹಿರಿಯರು ಇಂದಿಗೂ ಹೇಳುತ್ತಾರೆ. ೨೦೧೭ರಲ್ಲಿ ತೀರಿಕೊಂಡಾಗ ಅವರಿಗೆ ನೂರು ತುಂಬಿಹೋಗಿತ್ತು.

ಈ ಪಕ್ಷದಲ್ಲಿಯೇ ಮತ್ತೊಂದು ಮಂಡಳಿಯ ಹೆಸರನ್ನು ನಾವು ತಲೆಬಾಗಿ ಹೇಳಬೇಕಾಗಿದೆ. ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ, ಇಬ್ಬರೂ ದೃಷ್ಟಿಯಿಲ್ಲದವರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರೂ ಅನಾಥರೂ ಆದ ಮಕ್ಕಳಿಗೆ ಅನ್ನವನ್ನೂ ಸಂಗೀತವನ್ನೂ ಕೊಡುವ ಭಾರವನ್ನು ಹೊತ್ತು, ಆ ಅನ್ನಕ್ಕಾಗಿ ನಾಟಕ ಕಂಪನಿಯನ್ನು ನಡೆಸಿದರು. ಪುಟ್ಟರಾಜರ ‘ಹೇಮರೆಡ್ಡಿ ಮಲ್ಲಮ್ಮ’ವನ್ನು ನೋಡಲು ಕೊಟ್ಟ ಕಾಸು ಯಾವುದೋ ಕುರುಡು ಹುಡುಗನ ತುತ್ತಾಗಿ, ಅವನ ಕೈಯ ಹಾರ್ಮೋನಿಯಂ ಆಗಿ ತಿರುಗಿ ಬಂದಿತು. ಧರ್ಮದಿಂದ ಅಳೆಯುವುದಾದರೆ ಈ ಕಂಪನಿಯ ಮುಂದೆ ಬೇರೊಂದು ನಿಲ್ಲಲಾರದು.

ಮೂರನೆಯದು ಅಲ್ಪಾಯುಷ್ಯದವರ ಪಕ್ಷ. ಮಹಮದ್ ಪೀರರ ಚಂದ್ರಕಲಾ ನಾಟಕ ಮಂಡಲಿಯು ನಮ್ಮ ರಂಗಭೂಮಿಯ ಬೀಟಲ್ಸ್ ಎನ್ನಬೇಕು. ೧೯೩೭ರಲ್ಲಿ ಪೀರರು ಅಕಾಲದಲ್ಲಿ ತೀರಿಹೋದರು. ಅದರೊಡನೆ ಆ ವೈಭವವೂ ಮುಗಿಯಿತು. ಅಷ್ಟರಲ್ಲಿ ಅವರು ‘ಗೌತಮ ಬುದ್ಧ’, ‘ಷಹಜಹಾನ್’ ನಾಟಕಗಳನ್ನು ಆಡಿ, ಕಿರಿಚಾಟವಿಲ್ಲದೆಯೂ ಅಭಿನಯವುಂಟೆಂದು ತೋರಿಸಿದರು. ಅದೇ ಮಂಡಲಿಯ ‘ಸಂಸಾರ ನೌಕ’ವು ೧೯೩೬ರಲ್ಲಿ ಚಲನಚಿತ್ರವಾಯಿತು; ಅದನ್ನು ಬರೆದ ಎಚ್.ಎಲ್.ಎನ್. ಸಿಂಹರೇ ೧೯೫೪ರಲ್ಲಿ ‘ಬೇಡರ ಕಣ್ಣಪ್ಪ’ವನ್ನು ನಿರ್ದೇಶಿಸಿ ರಾಜಕುಮಾರರನ್ನು ನಾಯಕನನ್ನಾಗಿ ನಾಡಿಗೆ ಕೊಟ್ಟರು. ಆಯುಷ್ಯದ ಉದ್ದದಿಂದ ಹಿರಿಮೆಯನ್ನು ಅಳೆಯಬಾರದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ನಾಲ್ಕನೆಯದು ನಮ್ಮೂರಿನ ಪಕ್ಷ. ಚಿಂದೋಡಿ ವೀರಪ್ಪನವರು ೧೯೨೮ರಲ್ಲಿ ದಾವಣಗೆರೆಯಲ್ಲಿ ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ಕಟ್ಟಿದರು. ಅವರ ಮಗಳು ಲೀಲಾ ಅವರು ಬಾಲ್ಯದಿಂದಲೇ ರಂಗವನ್ನೇರಿ, ‘ಹಳ್ಳಿ ಹುಡುಗಿ’ ಮೊದಲಾದ ನಾಟಕಗಳಿಂದ ಮನೆಮಾತಾಗಿ, ಕಂಪನಿಯ ನೊಗಕ್ಕೂ ಹೆಗಲು ಕೊಟ್ಟರು. ‘ಹಳ್ಳಿ ಹುಡುಗಿ’ಯು ನೂರಾರು ಪ್ರಯೋಗಗಳನ್ನು ಕಂಡಿತು. ೧೯೮೮ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ೨೦೧೦ರಲ್ಲಿ ಅವರು ತೀರಿಕೊಂಡರು. ಸಂಜೆ ನಾಯಕಿಯಾಗಿ ರಂಗದ ಮೇಲೆ ನಗುವುದು ಒಂದು ಕಷ್ಟ. ಮಳೆ ಹಿಡಿದು ಗಲ್ಲಾಪೆಟ್ಟಿಗೆ ಬರಿದಾದ ವಾರದಲ್ಲಿ ಬಣ್ಣದವನಿಂದ ಅಡಿಗೆಯವನವರೆಗೆ ಎಲ್ಲರ ಸಂಬಳವನ್ನು ಹೊಂದಿಸುವುದು ಇನ್ನೊಂದು ಕಷ್ಟ. ಸ್ವಂತ ಬಂಡವಾಳದಿಂದ ಪತ್ರಿಕೆಯನ್ನು ನಡೆಸುವ ನಾವು ಎರಡನೆಯದನ್ನು ಸ್ವಲ್ಪಮಟ್ಟಿಗೆ ಬಲ್ಲೆವು. ಹೆಂಗಸು ರಂಗವೇರುವುದೇ ಅಪವಾದಕ್ಕೆ ಕಾರಣವಾಗಿದ್ದ ಸಮಾಜದಲ್ಲಿ ಎರಡನ್ನೂ ಏಕಕಾಲಕ್ಕೆ ಹೊತ್ತವರನ್ನು ಸಾಮಾನ್ಯರೆನ್ನಲು ಯಾರಿಗೆ ಧೈರ್ಯವಿದೆ? ಮೈಸೂರಿನಲ್ಲಿ ೧೯೫೮ರಲ್ಲಿ ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿ, ಹೆಂಗಸರಿಂದಲೇ ಗಂಡು ಪಾತ್ರಗಳನ್ನೂ ಮಾಡಿಸಿ, ತಾವೇ ಕಂಸ ರಾವಣರಾಗಿ ಗರ್ಜಿಸಿದ ಆರ್. ನಾಗರತ್ನಮ್ಮನವರೂ ಈ ಸಾಲಿಗೆ ಸೇರತಕ್ಕವರೇ.

ಪಕ್ಷಗಳನ್ನು ಕೇಳಿದ್ದಾಯಿತು. ತೀರ್ಪು ಹೇಳುವಾಗ ‘ಎಲ್ಲರೂ ದೊಡ್ಡವರೇ’ ಎಂದು ನುಣುಚಿಕೊಳ್ಳುವುದು ಪತ್ರಿಕಾಕರ್ತನಿಗೆ ಒಪ್ಪುವ ಕೆಲಸವಲ್ಲ. ನಮ್ಮ ಅಳತೆಗೋಲು ಇದು: ಡೇರೆ ಕಿತ್ತ ಮೇಲೆ ಏನು ಉಳಿಯಿತು? ರಂಗದ ಆನೆಯು ಲಾಯಕ್ಕೆ ಹೋಗುತ್ತದೆ. ಪರದೆಯು ಗೆದ್ದಲಿಗೆ ಹೋಗುತ್ತದೆ. ಕಂಠವು ಮಣ್ಣಿಗೆ ಹೋಗುತ್ತದೆ. ಮುಂದಿನವರಿಗೆ ವಿದ್ಯೆಯನ್ನು ದಾಟಿಸಿದ ಕಂಪನಿಯೊಂದೇ ಡೇರೆ ಕಿತ್ತ ಮೇಲೆಯೂ ಉಳಿಯುತ್ತದೆ. ಈ ಅಳತೆಯಿಂದ ನಾವು ಗುಬ್ಬಿ ಕಂಪನಿಗೇ ಮೊದಲ ಮಣೆಯನ್ನು ಹಾಕುತ್ತೇವೆ.

ಏಕೆಂದರೆ ಅದು ಕಂಪನಿಯಾಗಿದ್ದಷ್ಟೇ ಪಾಠಶಾಲೆಯೂ ಆಗಿದ್ದಿತು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಅಲ್ಲಿಯ ನಟರು. ಅವರ ಮಗ ಮುತ್ತುರಾಜನು ಅಲ್ಲಿ ಮಾತನ್ನೂ ಹಾಡನ್ನೂ ಕಲಿತು ರಾಜಕುಮಾರನಾದನು. ಸಂಸ್ಕೃತದ ಮೊದಲ ಚಲನಚಿತ್ರವಾದ ‘ಆದಿ ಶಂಕರಾಚಾರ್ಯ’ವನ್ನು ೧೯೮೩ರಲ್ಲಿ ತೆಗೆದ ಜಿ.ವಿ. ಅಯ್ಯರರು ಅಲ್ಲಿಂದಲೇ ಹೊರಟವರು. ಮನೆ ಬಿಟ್ಟು ಓಡಿಬಂದ ಬಾಬುಕೋಡಿಯ ಹುಡುಗನೊಬ್ಬನಿಗೆ ವೀರಣ್ಣನವರು ಅನ್ನವಿಟ್ಟು, ಪಾತ್ರ ಕೊಟ್ಟು, ಅಷ್ಟಕ್ಕೆ ನಿಲ್ಲದೆ ಕಾಶಿಗೆ ಕಳುಹಿಸಿ ಓದಿಸಿದರು. ಆ ಹುಡುಗನು ಬಿ.ವಿ. ಕಾರಂತರಾಗಿ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. ೧೯೮೯ರಲ್ಲಿ ಮೈಸೂರಿನಲ್ಲಿ ಆರಂಭವಾದ ರಂಗಾಯಣದ ಮೊದಲ ಚಾಲಕರಾದರು. ಆ ರಂಗಾಯಣದ ಪರಂಪರೆಯಲ್ಲಿಯೇ ವೃತ್ತಿ ರಂಗಭೂಮಿಗೆಂದು ಸರ್ಕಾರವು ರಂಗಾಯಣವೊಂದನ್ನು ಸ್ಥಾಪಿಸಿರುವುದು ನಮ್ಮ ದಾವಣಗೆರೆಯಲ್ಲಿ. ವೀರಣ್ಣನವರು ಒಬ್ಬ ಹುಡುಗನಿಗೆ ಕೊಟ್ಟ ಪುಸ್ತಕದ ಹಣವು ಎಲ್ಲಿಂದ ಎಲ್ಲಿಗೆ ಬಂದು ಮುಟ್ಟಿತೆಂಬುದನ್ನು ವಾಚಕರು ಗಮನಿಸಬೇಕು. ಹೊಳೆಯಾಚೆಯವರ ಧೈರ್ಯವು ಗುಬ್ಬಿಯವರದಕ್ಕಿಂತ ಹೆಚ್ಚಿನದು. ಪುಣ್ಯಾಶ್ರಮದ ಧರ್ಮವು ಎಲ್ಲರದಕ್ಕಿಂತ ಹೆಚ್ಚಿನದು. ಪೀರರ ಅಭಿನಯದ ಹದವು ಬಹುಶಃ ಯಾರಿಗೂ ಬರಲಿಲ್ಲ. ಇವನ್ನೆಲ್ಲ ಒಪ್ಪಿಯೂ, ವಿದ್ಯಾದಾನದಲ್ಲಿ ಗುಬ್ಬಿಯದೇ ಮೊದಲ ಸ್ಥಾನವೆಂದು ಹೇಳುತ್ತೇವೆ. ಒಪ್ಪದವರು ಬರೆದು ಕಳುಹಿಸಲಿ, ಸ್ಥಳಾವಕಾಶವಿದ್ದಷ್ಟು ಪ್ರಕಟಿಸುತ್ತೇವೆ.

ಆದರೆ ವ್ಯಾಜ್ಯವು ವೈರವಾಗಬಾರದು. ಇದಕ್ಕೆ ನಮ್ಮ ನೆರೆಯವರಿಂದಲೇ ಒಂದು ದೃಷ್ಟಾಂತವಿದೆ. ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಪಕ್ಷವೂ ಕೇಶವರಾವ್ ಭೋಸಲೆಯವರ ಪಕ್ಷವೂ ಪರಸ್ಪರ ಸೋಲದ ಎರಡು ಸೈನ್ಯಗಳಂತಿದ್ದುವು. ಭೋಸಲೆಯವರ ಲಲಿತಕಲಾದರ್ಶ ಮಂಡಳಿಯು ೧೯೦೮ರಲ್ಲಿ ಹುಟ್ಟಿದುದು ನಮ್ಮ ಹುಬ್ಬಳ್ಳಿಯಲ್ಲಿಯೇ ಎಂಬುದನ್ನು ಪ್ರಾಸಂಗಿಕವಾಗಿ ನೆನೆಯಬಹುದು. ೧೯೨೧ರಲ್ಲಿ ತಿಲಕ್ ಸ್ವರಾಜ್ಯ ನಿಧಿಗೆ ಹಣ ಕೂಡಿಸಬೇಕಾದಾಗ, ಈ ಇಬ್ಬರು ಪ್ರತಿಸ್ಪರ್ಧಿಗಳು ಮುಂಬಯಿಯಲ್ಲಿ ಒಂದೇ ರಂಗದ ಮೇಲೆ ನಿಂತು ಖಾಡಿಲ್ಕರರ ‘ಮಾನಾಪಮಾನ’ವನ್ನು ಆಡಿದರು. ಬಾಲಗಂಧರ್ವರು ನಾಯಕಿ, ಭೋಸಲೆಯವರು ನಾಯಕ. ಹಾಡಿನಲ್ಲಿ ಒಬ್ಬರನ್ನೊಬ್ಬರು ಮೀರಿಸಲು ಯತ್ನಿಸಿದರು. ಬಂದ ಹಣವನ್ನು ದೇಶಕ್ಕೆ ಕೊಟ್ಟರು. ಅದೇ ವರ್ಷ ಭೋಸಲೆಯವರು ತೀರಿಹೋದರು. ಶ್ರೇಷ್ಠರೊಳಗಿನ ಸ್ಪರ್ಧೆಯು ಹೇಗಿರಬೇಕೆಂಬುದನ್ನು ಆ ರಾತ್ರಿಯು ಕಲಿಸಿತು.

ನಮ್ಮ ಕಂಪನಿಗಳು ದೇಶಕ್ಕೆ ಮಾಡಿದ ಉಪಕಾರವೂ ಅಲ್ಪವಲ್ಲ. ಬಳ್ಳಾರಿ ಸೀಮೆಯ ಕನ್ನಡಿಗರು ನಮ್ಮೊಡನೆ ಸೇರಿದುದು ೧೯೫೩ರಲ್ಲಿ. ಧಾರವಾಡ ಬೆಳಗಾವಿಗಳವರು ಸೇರಿದುದು ೧೯೫೬ರಲ್ಲಿ. ಸರ್ಕಾರಗಳು ಕಾಗದದ ಮೇಲೆ ಗೆರೆ ಅಳಿಸುವುದಕ್ಕೆ ಎಷ್ಟೋ ವರ್ಷ ಮೊದಲೇ ಕಂಪನಿಯ ಗಾಡಿಗಳು ಹರಿಹರದ ಸೇತುವೆಯ ಮೇಲೆ ಆ ಗೆರೆಯನ್ನು ತುಳಿದು ಅಳಿಸಿದ್ದುವು. ಹೊಳೆಯ ಎರಡು ದಡಗಳ ಜನರು ಒಂದೇ ಹಾಸ್ಯಕ್ಕೆ ನಕ್ಕು ಒಂದೇ ದುಃಖಕ್ಕೆ ಅತ್ತ ಮೇಲೆ ಅವರನ್ನು ಬೇರೆ ಬೇರೆ ಪ್ರಜೆಗಳೆಂದು ಎಣಿಸುವುದು ಎಷ್ಟು ದಿನ ಸಾಧ್ಯ?

ಈಗ ಅಹಿತವಾದ ಮಾತನ್ನು ಹೇಳಬೇಕಾಗಿದೆ. ನಾವು ಹಳೆಯ ಕಂಪನಿಗಳ ತಾರತಮ್ಯವನ್ನು ಚರ್ಚಿಸುತ್ತಿರುವಾಗಲೇ, ಇಂದಿಗೂ ತಗಡಿನ ಮರೆ ಕಟ್ಟಿಕೊಂಡು ಜಾತ್ರೆಯಿಂದ ಜಾತ್ರೆಗೆ ತಿರುಗುವ ಕಂಪನಿಗಳಿವೆ. ಅವುಗಳ ಹೆಸರು ಬಂದರೆ ವಾದಿಗಳು ಮುಖ ತಿರುಗಿಸುತ್ತಾರೆ. ಅಲ್ಲಿ ದ್ವಂದ್ವಾರ್ಥದ ಮಾತು, ಅಸಭ್ಯವಾದ ಕುಣಿತ. ಮರ್ಯಾದಸ್ಥರು ಹೋಗತಕ್ಕುದಲ್ಲ ಎನ್ನುತ್ತಾರೆ. ಆಕ್ಷೇಪಣೆಯಲ್ಲಿ ಸತ್ಯವಿಲ್ಲದಿಲ್ಲ. ಆದರೆ ಕ್ರಮವನ್ನು ಸರಿಯಾಗಿ ನೋಡಬೇಕು. ಮೊದಲು ಸಿನಿಮಾ ಬಂದಿತು, ಆಮೇಲೆ ದೂರದರ್ಶನ, ಈಗ ಕೈಯೊಳಗಿನ ಮೊಬೈಲು. ಸಂಸಾರಸಹಿತರಾಗಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದವರು ಎದ್ದು ಹೋದರು. ಬರಿದಾದ ಕುರ್ಚಿಗಳನ್ನು ತುಂಬಲು ಮಾಲೀಕನು ಉಳಿದವರ ರುಚಿಗೆ ಮಾತನ್ನು ಇಳಿಸಿದನು. ನಾವು ಬಿಟ್ಟುಬಂದ ಮನೆಯಲ್ಲಿ ದೀಪವಿಲ್ಲವೆಂದು ನಾವೇ ದೂರುವುದು ನ್ಯಾಯವೆ? ಬಾಡಿಗೆ, ವಿದ್ಯುತ್ತು, ಸಾಗಾಣಿಕೆ, ಸಂಬಳ ಇವೆಲ್ಲವನ್ನೂ ಟಿಕೇಟಿನ ಹಣದಿಂದಲೇ ತೆರಬೇಕಾದವನಿಗೆ ನಮ್ಮ ಉಪದೇಶಕ್ಕಿಂತ ನಮ್ಮ ಟಿಕೇಟು ಹೆಚ್ಚು ಪರಿಣಾಮಕಾರಿ. ಮುಂದಿನ ಸಾಲಿನಲ್ಲಿ ಹತ್ತು ಕುಟುಂಬಗಳು ದಿನವೂ ಕುಳಿತರೆ, ಹಾಸ್ಯಗಾರನ ನಾಲಗೆ ತಾನಾಗಿಯೇ ಹತೋಟಿಗೆ ಬರುತ್ತದೆ. ಅವನು ಪ್ರೇಕ್ಷಕರ ಮುಖವನ್ನು ಓದಬಲ್ಲ ಕಲಾವಿದನು.

ಆದುದರಿಂದ ನಮ್ಮ ಸೂಚನೆಗಳು ಮೂರು. ದಾವಣಗೆರೆಯ ಮಹಾನಗರಪಾಲಿಕೆಯೂ ಹರಿಹರದ ನಗರಸಭೆಯೂ, ನಾಟಕ ಕಂಪನಿಗಳಿಗೆ ಯಾವ ಬಯಲು, ವರ್ಷದಲ್ಲಿ ಎಷ್ಟು ದಿನ, ಎಷ್ಟು ಬಾಡಿಗೆಗೆ ದೊರೆಯುವುದೆಂಬುದನ್ನು ಮುಂಗಡವಾಗಿ ಬಹಿರಂಗವಾಗಿ ತಿಳಿಸಲಿ. ಮಾಲೀಕನು ಪ್ರತಿ ಕ್ಯಾಂಪಿಗೂ ಕಚೇರಿಯ ಬಾಗಿಲನ್ನು ಕಾಯುವಂತಾಗಬಾರದು. ವೃತ್ತಿ ರಂಗಭೂಮಿಯ ರಂಗಾಯಣವು ಉತ್ಸವಗಳಿಗೆ ತೃಪ್ತವಾಗದೆ, ಬಾಳಿ ಮುಪ್ಪಾದ ಕಲಾವಿದರಿಂದ ರಂಗಗೀತೆಗಳ ಮಟ್ಟುಗಳನ್ನೂ ಲೆಗ್ ಹಾರ್ಮೋನಿಯಂ ನುಡಿಸುವ ಕ್ರಮವನ್ನೂ ಪರದೆ ಬರೆಯುವ ಕೈಚಳಕವನ್ನೂ ಎಳೆಯರಿಗೆ ಕಲಿಸುವ ಗುಬ್ಬಿಯ ಪಾಠಶಾಲೆಯಂತಾಗಲಿ. ಮೂರನೆಯದು ವಾಚಕರಿಗೆ. ನಗರದೇವತೆ ದುರ್ಗಾಂಬಿಕೆಯ ಜಾತ್ರೆಯು ಎರಡು ವರ್ಷಕ್ಕೊಮ್ಮೆ ಬರುತ್ತದೆ. ಆ ಸಮಯದಲ್ಲಾಗಲಿ ಬೇರೆ ಸಮಯದಲ್ಲಾಗಲಿ ಊರಿನಲ್ಲಿ ಯಾವ ಕಂಪನಿಯು ಡೇರೆ ಹಾಕಿದರೂ, ಯಾವ ಕಂಪನಿ ದೊಡ್ಡದೆಂದು ವಾದಿಸುವ ಪ್ರತಿಯೊಬ್ಬರೂ ಮನೆಮಂದಿಯೊಡನೆ ಒಮ್ಮೆ ಹೋಗಿ, ಪಾಸು ಕೇಳದೆ ಟಿಕೇಟು ಕೊಂಡು, ಮುಂದಿನ ಸಾಲಿನಲ್ಲಿ ಕುಳಿತು ಬರಲಿ. ಚೆನ್ನಾಗಿದ್ದರೆ ‘ಒನ್ಸ್ ಮೋರ್’ ಎನ್ನಲಿ. ಕೆಟ್ಟದಾಗಿದ್ದರೆ ಮಾಲೀಕನ ಮುಂದೆ ನಿಂತು ಕೆಟ್ಟದೆನ್ನಲಿ. ಇವೆರಡರಲ್ಲಿ ಯಾವುದಕ್ಕೂ ಟಿಕೇಟು ಕೊಂಡವನಿಗೆ ಪೂರ್ಣ ಅಧಿಕಾರವಿದೆ. ಇಷ್ಟನ್ನು ಮಾಡಿದ ಮೇಲೆ ಮಂಡಕ್ಕಿಯ ಅಂಗಡಿಯ ಮುಂದೆ ವ್ಯಾಜ್ಯವು ಮತ್ತೆ ನಡೆಯಲಿ. ನಮ್ಮ ಮಕ್ಕಳಿಗೂ ವಾದಿಸಲು ಒಂದು ಕಂಪನಿಯಾದರೂ ಉಳಿದಿರಲಿ ಎಂದು ಹಾರೈಸುತ್ತೇವೆ.